ಲಾರಿಯ ಫ್ಯಾನು: ಬೆಲ್ಟೋ, ವಿದ್ಯುತ್ತೋ?

ಬೆಂಗಳೂರಿನ ಪಶ್ಚಿಮಕ್ಕೆ, ಶ್ರೀಗಂಧದ ಕಾವಲ್‌ಗೆ ಸಮೀಪದ ಮಾಗಡಿ ರಸ್ತೆಯಲ್ಲಿ ಕಾರುಗಳೂ ಸರಕು ತುಂಬಿದ ಲಾರಿಗಳೂ ಒಂದರ ಹಿಂದೊಂದು ಸಾಗುತ್ತಿರುತ್ತವೆ. ಎರಡರಲ್ಲಿಯೂ ಎಂಜಿನ್ನನ್ನು ತಂಪಾಗಿಡಲು ರೇಡಿಯೇಟರೂ ಅದರ ಮೂಲಕ ಗಾಳಿಯನ್ನು ಎಳೆಯುವ ಫ್ಯಾನೂ ಉಂಟು. ಆದರೆ ಇಂದಿನ ಕಾರುಗಳಲ್ಲಿ ಈ ಫ್ಯಾನನ್ನು ಬಹುಮಟ್ಟಿಗೆ ವಿದ್ಯುತ್ ಮೋಟಾರು ತಿರುಗಿಸಿದರೆ, ಭಾರಿ ಡೀಸೆಲ್ ಲಾರಿಗಳಲ್ಲಿ ಎಂಜಿನ್ನೇ ತಿರುಗಿಸುತ್ತದೆ. ಕಾರಿಗೆ ಒಪ್ಪಿದ ಏರ್ಪಾಡು ಲಾರಿಗೇಕೆ ಒಪ್ಪಬಾರದು? ಡೀಸೆಲ್ ಉಳಿಸಬಯಸುವ ಲಾರಿಯ ಮಾಲೀಕರಿಗೆ ಸಹಜವಾಗಿಯೇ ಹೊಳೆಯುವ ಈ ಪ್ರಶ್ನೆಯನ್ನು ನಾವು ಲೆಕ್ಕ ಹಾಕಿ ಪರಿಶೀಲಿಸೋಣ.

ಮೊದಲು ಫ್ಯಾನಿನ ಕೆಲಸ ಎಷ್ಟೆಂಬುದನ್ನು ತಿಳಿಯಬೇಕು. ಎಂಜಿನ್ನಿನಲ್ಲಿ ಉರಿದ ಡೀಸೆಲ್ಲಿನ ಶಕ್ತಿಯಲ್ಲಿ ಅರ್ಧಕ್ಕಿಂತಲೂ ಕಡಿಮೆ ಪಾಲು ಚಕ್ರಗಳಿಗೆ ಒದಗುತ್ತದೆ. ಉಳಿದುದರ ಬಹುಭಾಗ ಹೊಗೆಯೊಡನೆಯೂ ರೇಡಿಯೇಟರಿನ ನೀರಿನ ಮೂಲಕವೂ ಉಷ್ಣವಾಗಿ ಹೊರಬೀಳುತ್ತದೆ. ಪೂರ್ಣ ಹೊರೆಯಲ್ಲಿರುವ ಒಂದು ಲಾರಿಯ ರೇಡಿಯೇಟರು 90 ಕಿಲೋವಾಟ್ ಉಷ್ಣವನ್ನು ಗಾಳಿಗೆ ಒಪ್ಪಿಸಬೇಕೆಂದೂ, ಅದರಿಂದ ಗಾಳಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರುವುದೆಂದೂ ಇಟ್ಟುಕೊಳ್ಳೋಣ. ಒಂದು ಕಿಲೋಗ್ರಾಂ ಗಾಳಿಯನ್ನು ಒಂದು ಡಿಗ್ರಿಯಷ್ಟು ಕಾಯಿಸಲು ಸುಮಾರು 1 ಕಿಲೋಜೂಲ್ ಶಕ್ತಿ ಬೇಕು. ಆದುದರಿಂದ ಪ್ರತಿ ಸೆಕೆಂಡಿಗೂ 90 ÷ 30 = 3 ಕಿಲೋಗ್ರಾಂ, ಎಂದರೆ ಎರಡೂವರೆಯಿಂದ ಮೂರು ಘನಮೀಟರಿನಷ್ಟು ಗಾಳಿ, ರೇಡಿಯೇಟರಿನ ಇಕ್ಕಟ್ಟಾದ ಸಂದುಗಳಲ್ಲಿ ಹಾಯಬೇಕು. ಇದಕ್ಕಾಗಿ ಫ್ಯಾನಿಗೆ 8 ಕಿಲೋವಾಟ್ ಸಾಮರ್ಥ್ಯ ಬೇಕೆಂದು ಭಾವಿಸೋಣ. ಭಾರಿ ಲಾರಿಗೆ ಇದು ಅತಿಶಯವಲ್ಲ.

ಇಷ್ಟೊಂದು ಗಾಳಿ ಬೇಕಾಗುವುದು ಯಾವಾಗ? ಹಾಸನದ ಬಯಲಿನಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ ಹೋಗುವ ಲಾರಿಗೆ ಎದುರುಗಾಳಿಯೇ ಬಹುಮಟ್ಟಿಗೆ ಸಾಕು. ಆದರೆ ಮಂಗಳೂರಿನಿಂದ ಹೊರೆ ಹೊತ್ತು ಬಂದ ಅದೇ ಲಾರಿ, ಗುಂಡ್ಯವನ್ನು ದಾಟಿ ಶಿರಾಡಿ ಘಾಟಿಯನ್ನು ಏರುವಾಗ ಸ್ಥಿತಿ ತಿರುವುಮುರುವಾಗುತ್ತದೆ. ಕೆಳಗಿನ ಗೇರಿನಲ್ಲಿ ಎಂಜಿನ್ನು ಭರದಿಂದ ತಿರುಗುತ್ತದೆ, ಲಾರಿ ಮಾತ್ರ ನಿಧಾನವಾಗಿ ತೆವಳುತ್ತದೆ. ಉಷ್ಣ ಅತ್ಯಧಿಕ, ಎದುರುಗಾಳಿ ಅತ್ಯಲ್ಪ. ಇಂಥ ವೇಳೆಯಲ್ಲಿ ಎಂಜಿನ್ನಿಗೆ ಜೋಡಿಸಿದ ಫ್ಯಾನು ಎಂಜಿನ್ನಿನೊಡನೆ ತಾನೂ ಭರದಿಂದ ತಿರುಗಿ ನೆರವಾಗುತ್ತದೆ.

ಈ ಕೆಲಸವನ್ನು ವಿದ್ಯುತ್ತಿಗೆ ಒಪ್ಪಿಸಿ ನೋಡೋಣ. ಮೋಟಾರಿನ ದಕ್ಷತೆ ಶೇಕಡ 80 ಆದರೆ, ಫ್ಯಾನಿಗೆ 8 ಕಿಲೋವಾಟ್ ದೊರೆಯಲು ಮೋಟಾರಿಗೆ 10 ಕಿಲೋವಾಟ್ ಕೊಡಬೇಕು. ಲಾರಿಯ ವಿದ್ಯುತ್ ವ್ಯವಸ್ಥೆ 24 ವೋಲ್ಟಿನದು. 10,000 ÷ 24 ಎಂದರೆ ಸುಮಾರು 417 ಆಂಪೇರ್! ಲಾರಿಯ ಆಲ್ಟರ್ನೇಟರು ಸಾಮಾನ್ಯವಾಗಿ ಕೊಡುವುದು ನೂರರ ಆಸುಪಾಸಿನ ಆಂಪೇರ್ ಮಾತ್ರ. ದೊಡ್ಡ ಆಲ್ಟರ್ನೇಟರನ್ನೇ ಹಾಕಿದರೂ ಅದರ ದಕ್ಷತೆ ಶೇಕಡ 60 ಎಂದು ಹಿಡಿದರೆ, ಎಂಜಿನ್ನು 8ಕ್ಕೆ ಬದಲಾಗಿ ಸುಮಾರು 17 ಕಿಲೋವಾಟನ್ನು ತೆರಬೇಕಾಗುತ್ತದೆ. ಕಾರಿನ ಫ್ಯಾನಿಗಾದರೋ ಕೆಲವು ನೂರು ವಾಟ್ ಸಾಕು. 12 ವೋಲ್ಟಿನಲ್ಲಿ 300 ವಾಟಿಗೆ ಬೇಕಾಗುವುದು 25 ಆಂಪೇರ್. ಅಲ್ಲದೆ ಅನೇಕ ಕಾರುಗಳಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿರುವುದರಿಂದ, ಬೆಲ್ಟಿನಿಂದ ಫ್ಯಾನನ್ನು ತಿರುಗಿಸುವುದೂ ಅನುಕೂಲವಲ್ಲ.

ಹಾಗಾದರೆ ವಿದ್ಯುತ್ ಫ್ಯಾನಿನಿಂದ ಇಂಧನ ಉಳಿಯುತ್ತದೆಂಬ ಮಾತು ಸುಳ್ಳೆ? ಅಲ್ಲ. ಎಂಜಿನ್ನಿಗೆ ನೇರವಾಗಿ ಬಿಗಿದ ಫ್ಯಾನು, ಬೇಕಿರಲಿ ಬೇಡದಿರಲಿ, ಸದಾ ತಿರುಗುತ್ತದೆ. ಫ್ಯಾನು ಬಯಸುವ ಸಾಮರ್ಥ್ಯ ಅದರ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ ಇಮ್ಮಡಿಸಿದರೆ ಸಾಮರ್ಥ್ಯ ಎಂಟು ಮಡಿ. ಬಯಲುರಸ್ತೆಯಲ್ಲಿ ಎಂಜಿನ್ನಿನ ವೇಗ ಘಾಟಿಯಲ್ಲಿದ್ದುದರ ಮುಕ್ಕಾಲು ಪಾಲು ಇದ್ದರೆ, ಫ್ಯಾನು 8 × 27/64, ಎಂದರೆ ಸುಮಾರು 3.4 ಕಿಲೋವಾಟನ್ನು ವೃಥಾ ನುಂಗುತ್ತದೆ. ಆಗ ವಿದ್ಯುತ್ ಫ್ಯಾನು ಸುಮ್ಮನೆ ನಿಂತಿರಬಲ್ಲದು. ಉಳಿತಾಯ ಬಂದುದು ವಿದ್ಯುತ್ತಿನಿಂದಲ್ಲ, ನಿಲ್ಲುವುದರಿಂದ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಗುಣವನ್ನು ಯಾಂತ್ರಿಕ ಫ್ಯಾನಿಗೂ ಕೊಡಲು ವಿಸ್ಕಸ್ ಕ್ಲಚ್ಚು ಎಂಬ ಸಾಧನವಿದೆ. ಇದರಲ್ಲಿ ಎಂಜಿನ್ನಿನೊಡನೆ ತಿರುಗುವ ಭಾಗಕ್ಕೂ ಫ್ಯಾನಿನ ಭಾಗಕ್ಕೂ ನಡುವೆ ಕಿರಿದಾದ ಸಂದುಗಳಿವೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ದ್ವಿಲೋಹ ಪಟ್ಟಿಯೊಂದು ಬಾಗಿ ಕವಾಟವನ್ನು ತೆರೆಯುತ್ತದೆ. ಸಿಲಿಕೋನ್ ಎಣ್ಣೆ ಸಂದುಗಳಿಗೆ ಹರಿದು, ತನ್ನ ಸ್ನಿಗ್ಧತೆಯಿಂದ ಫ್ಯಾನನ್ನು ಎಳೆದು ತಿರುಗಿಸುತ್ತದೆ. ಗಾಳಿ ತಣ್ಣಗಾದರೆ ಎಣ್ಣೆ ಹಿಂದಿರುಗುತ್ತದೆ, ಫ್ಯಾನು ಜಾರುತ್ತದೆ. ಫ್ಯಾನಿನ ವೇಗ ಎಂಜಿನ್ನಿನ ಕಡೆಯ ವೇಗದ ಮೂರನೆಯ ಒಂದಕ್ಕೆ ಇಳಿದರೆ, ಜಾರುವಿಕೆಯಲ್ಲಿ ಉಷ್ಣವಾಗಿ ಹೋಗುವುದನ್ನು ಸೇರಿಸಿಯೂ, ಎಂಜಿನ್ನು ತೆರುವುದು ಒಂಬತ್ತನೆಯ ಒಂದು ಪಾಲು ಮಾತ್ರ: 3.4ರ ಬದಲು ಸುಮಾರು 0.4 ಕಿಲೋವಾಟ್.

ಆದಕಾರಣ ಭಾರಿ ಲಾರಿಯ ಮಾಲೀಕರು ಕಾರಿನ ಫ್ಯಾನನ್ನು ತಂದು ಜೋಡಿಸುವುದಕ್ಕಿಂತ, ಕ್ಲಚ್ಚು ಸರಿಯಾಗಿ ಹಿಡಿದು ಬಿಡುತ್ತಿದೆಯೇ, ಬೆಲ್ಟು ಸಡಿಲವಾಗಿಲ್ಲವೇ, ರೇಡಿಯೇಟರಿನ ಸಂದುಗಳು ಧೂಳಿನಿಂದ ಮುಚ್ಚಿಲ್ಲವೇ ಎಂದು ನೋಡುವುದು ಲೇಸು. ಬಯಲಿನಲ್ಲಿ ಉಳಿಸಿದ ಕೆಲವು ಲೀಟರ್ ಡೀಸೆಲ್, ಘಾಟಿಯ ನಡುವೆ ನೀರು ಕುದಿದು ಹೆಡ್ ಗ್ಯಾಸ್ಕೆಟ್ ಸುಟ್ಟರೆ ಅಥವಾ ಸಿಲಿಂಡರ್ ಹೆಡ್ ಬಿರಿದರೆ ಆಗುವ ನಷ್ಟವನ್ನು ತುಂಬಿಕೊಡಲಾರದು. ಯಂತ್ರದ ಯಾವ ಭಾಗವನ್ನೇ ಆರಿಸುವಾಗಲೂ ಅದರ ಅತ್ಯಂತ ಕಠಿಣವಾದ ಗಳಿಗೆ ಯಾವುದೆಂದು ಕೇಳಿ, ಲೆಕ್ಕವನ್ನು ಅಲ್ಲಿಂದ ಆರಂಭಿಸುವುದನ್ನು ವಿದ್ಯಾರ್ಥಿಗಳು ರೂಢಿಸಿಕೊಳ್ಳಬೇಕು.