ನಾಣ್ಯದ ತಪ್ಪು, ನಾಣ್ಯದ ಬೆಲೆ: ಎಂಟನೇ ತರಗತಿಗೊಂದು ವಿಜ್ಞಾನ ಪಾಠ

ಬೋಧನಾ ಅಭ್ಯಾಸದ ಅವಧಿಯಲ್ಲಿ ‘ವೀಕ್ಷಣೆಯಿಂದ ತೀರ್ಮಾನಕ್ಕೆ’ ಎಂಬ 40 ನಿಮಿಷದ ಪೂರಕ ಪಾಠವನ್ನು ನಾನು ನಾಣ್ಯಗಳ ಮೂಲಕ ನಡೆಸಿದೆ. ತಪ್ಪು ಅಚ್ಚಿನ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯೆನ್ನುವ ವೀಡಿಯೊಗಳು ಮಕ್ಕಳ ಮನೆಗಳನ್ನು ತಲುಪಿವೆ. ಒಬ್ಬ ವಿದ್ಯಾರ್ಥಿಯ ತಂದೆಗೆ ಯಾರೋ ಕರೆಮಾಡಿ ‘ನೋಂದಣಿ ಶುಲ್ಕ’ವನ್ನೂ ಕೇಳಿದ್ದರು.

ಕಲಿಕೋಪಕರಣಗಳು: ಚಲಾವಣೆಯ ನಾಣ್ಯಗಳು, ಭೂತಕನ್ನಡಿ, ಡಿಜಿಟಲ್ ತಕ್ಕಡಿ, ಕೋನಮಾಪಕ, ಜೇಡಿಮಣ್ಣು, ರಬ್ಬರ್, ಮೊಳೆ.

ಚಟುವಟಿಕೆ 1: ರಬ್ಬರಿನ ಮೇಲೆ ಮೊಳೆಯಿಂದ ಗೀರೆಳೆದು ಜೇಡಿಮಣ್ಣಿಗೆ ಒತ್ತಿದಾಗ ಮಣ್ಣಿನಲ್ಲಿ ಗೆರೆ ಉಬ್ಬಿ ಬಂತು. ಟಂಕಸಾಲೆಯ ಅಚ್ಚು ಬಿರುಕುಬಿಟ್ಟರೂ ಹೀಗೆಯೇ ಆಗುತ್ತದೆ. ನಾಣ್ಯದಲ್ಲಿ ಉಬ್ಬಿದ ಗೆರೆಯಿದ್ದರೆ ದೋಷ ಅಚ್ಚಿನದ್ದಾಗಿರಬಹುದು. ತಗ್ಗಿದ ಗೀರು ಬಹುಮಟ್ಟಿಗೆ ಜೇಬಿನ, ರಸ್ತೆಯ ಸವೆತ.

ಚಟುವಟಿಕೆ 2: 2011ರ ಸರಣಿಯ ಒಂದು ರೂಪಾಯಿ ನಾಣ್ಯದ ನಿಗದಿತ ತೂಕ 3.79 ಗ್ರಾಂ. ಚಿತ್ರ ಬದಿಗೆ ಸರಿದಿದ್ದರೂ ಬಿಲ್ಲೆ ಪೂರ್ತಿಯಿದ್ದರೆ ತೂಕ ಬದಲಾಗದು. ಅಂಚು ತುಂಡಾದ ಬಿಲ್ಲೆಯಲ್ಲಿ ಅಚ್ಚಾದ ನಾಣ್ಯ ಹಗುರ. ‘ಮನೆಯಲ್ಲಿ ಉಜ್ಜಿದರೂ ಹಗುರವಾಗುತ್ತದಲ್ಲ?’ ಎಂದು ಒಬ್ಬಳು ಕೇಳಿದಳು. ತರಗತಿಯ ಅತ್ಯುತ್ತಮ ಪ್ರಶ್ನೆ ಅದೇ. ತೂಕವೊಂದೇ ಸಾಕ್ಷಿಯಲ್ಲ, ನಿಜವಾದ ತುಂಡು ಬಿಲ್ಲೆಯಲ್ಲಿ ತುಂಡಾದ ಜಾಗದ ನೇರ ಎದುರಿನ ಅಂಚೂ ಹೆಚ್ಚಾಗಿ ಮಸುಕಾಗಿರುತ್ತದೆ.

ಚಟುವಟಿಕೆ 3: ನಮ್ಮ ನಾಣ್ಯವನ್ನು ಪುಸ್ತಕದ ಪುಟದಂತೆ ಪಕ್ಕಕ್ಕೆ ತಿರುಗಿಸಿದರೆ ಹಿಂಬದಿಯೂ ನೆಟ್ಟಗೆ ಕಾಣಬೇಕು. ಓರೆಯಾಗಿದ್ದರೆ ಕೋನ ಅಳೆಯಬೇಕು.

ವರ್ಷದ ಕೆಳಗೆ ಗುರುತಿಲ್ಲದ ನಾಣ್ಯವನ್ನು ಒಂದು ಗುಂಪು ‘ತಪ್ಪು’ ಎಂದಿತು. ಮುಂಬೈಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ. ಕೋಲ್ಕತ್ತಕ್ಕೆ ಗುರುತೇ ಇಲ್ಲ ಎಂದು ತಿಳಿದಾಗ ಅವರೇ ತೀರ್ಮಾನ ತಿದ್ದಿಕೊಂಡರು.

ಬೆಲೆಯ ಚರ್ಚೆ: 2008ರಲ್ಲಿ ಬ್ರಿಟನ್ನಿನ 20 ಪೆನ್ಸ್ ನಾಣ್ಯದ ಹೊಸ ವಿನ್ಯಾಸದಲ್ಲಿ ಇಸವಿ ಇನ್ನೊಂದು ಬದಿಗೆ ಹೋಯಿತು. ಹೊಸ ಹಿಂಬದಿಗೆ ಹಳೆಯ ಮುಂಬದಿಯ ಅಚ್ಚು ಸೇರಿದ್ದರಿಂದ ಇಸವಿಯೇ ಇಲ್ಲದ ಹತ್ತಾರು ಸಾವಿರ ನಾಣ್ಯಗಳು ಹೊರಬಂದವು. ಕೆಲವರು ಸಾವಿರಾರು ಪೌಂಡ್ ಕೇಳಿದರು. ಮಾರಾಟವಾಗುತ್ತ ಬಂದದ್ದು ಸುಮಾರು 50 ಪೌಂಡಿಗೆ. ಅಂಗಡಿಯಲ್ಲಿ ಅದು ಈಗಲೂ 20 ಪೆನ್ಸ್. ಕೇಳುವ ಬೆಲೆ, ಸಿಗುವ ಬೆಲೆ, ಮುಖಬೆಲೆ ಬೇರೆಬೇರೆ ಎಂಬುದನ್ನು ಮಕ್ಕಳು ಈ ಉದಾಹರಣೆಯಿಂದ ಹಿಡಿದರು. ದೋಷ ಅಪರೂಪವಾಗಿರಬೇಕು, ಬರಿಗಣ್ಣಿಗೆ ಎದ್ದು ಕಾಣಬೇಕು, ಅದನ್ನು ಬಯಸುವ ಸಂಗ್ರಾಹಕರೂ ಇರಬೇಕು. ಸಣ್ಣ ಬಿರುಕಿಗೆ, ತುಸು ಓರೆಗೆ ಹೆಚ್ಚೇನೂ ಸಿಗದು.

2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ನೀಡಿದ ಎಚ್ಚರಿಕೆಯನ್ನೂ ಓದಿಸಿದೆ: ಹಳೆಯ ನೋಟು, ನಾಣ್ಯಗಳ ವ್ಯವಹಾರದಲ್ಲಿ ತಾನಿಲ್ಲ, ಅದಕ್ಕಾಗಿ ಶುಲ್ಕ ವಸೂಲಿಗೆ ಯಾರಿಗೂ ಅಧಿಕಾರ ಕೊಟ್ಟಿಲ್ಲ.

ಮೌಲ್ಯಮಾಪನ: ಪ್ರತಿ ಗುಂಪಿಗೂ ಒಂದು ನಾಣ್ಯ ಕೊಟ್ಟು ‘ಕಂಡದ್ದು, ಅಳೆದದ್ದು, ತೀರ್ಮಾನ’ ಎಂಬ ಮೂರು ಕಾಲಂ ತುಂಬಿಸಿದೆ. ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಎರಡು: ಬೆಲೆಯ ಮಾತನ್ನು ಕೊನೆಗೆ ಇಡಿ, ಮೂರನೆಯ ಕಾಲಂನಲ್ಲಿ ‘ಇನ್ನೂ ಹೇಳಲಾಗದು’ ಎಂಬ ಉತ್ತರಕ್ಕೂ ಪೂರ್ಣ ಅಂಕ ಕೊಡಿ.