ಕಡಲ ತಡಿಯಲ್ಲಿ ಕೂಸಿನ ಬೆವರು

ಬೇಸಿಗೆಯ ರಜೆ ಬಂದಿತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಡೆಯಿಂದ ಕಡಲನ್ನು ನೋಡಲು ಹೊರಡುವ ಸಂಸಾರಗಳುಂಟು. ಹುಬ್ಬಳ್ಳಿ, ಯಲ್ಲಾಪುರಗಳನ್ನು ಹಾದು ಅರಬೈಲು ಘಟ್ಟವನ್ನಿಳಿದರೆ ಅಂಕೋಲೆ. ಕೊಪ್ಪಳದಿಂದ ಸುಮಾರು 250 ಕಿಲೋಮೀಟರುಗಳ ಹಾದಿ. ಅಲ್ಲಿಂದ ಕಾರವಾರವೂ ಗೋಕರ್ಣವೂ ಸಮೀಪ. ಕಡಿಮೆ ಬಾಡಿಗೆಯ ವಸತಿಗೃಹದಲ್ಲಿ ಒಂದೆರಡು ರಾತ್ರಿ ತಂಗಿ ಹಿಂದಿರುಗಿದರೆ ಖರ್ಚೂ ಹೆಚ್ಚಾಗದು. ಜೊತೆಯಲ್ಲಿ ಎರಡು ವರ್ಷದ ಕೂಸೊಂದಿದ್ದರೆ ಹಿರಿಯರು ಹೀಗೆ ತರ್ಕಿಸುವುದು ಸಹಜ: “ನಮ್ಮೂರಿನ 40 ಡಿಗ್ರಿಯ ಬಿಸಿಲನ್ನೇ ತಾಳಿದ ಮಗು, ಕಡಲೂರಿನ 32 ಡಿಗ್ರಿ ಯಾವ ಲೆಕ್ಕ?” ಈ ತರ್ಕದಲ್ಲಿ ಒಂದು ದೋಷವಿದೆ. ಅದು ಎಲ್ಲಿದೆಯೆಂಬುದನ್ನು ನಾವೀಗ ವಿಚಾರಿಸೋಣ.

ನಮ್ಮ ಮನೆಯ ಹರವಿಯಿಂದಲೇ ಆರಂಭಿಸಬಹುದು. ಮಣ್ಣಿನ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಕ್ಕೆ ಒಸರಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಹರವಿಯಿಂದಲೇ ಸೆಳೆದುಕೊಳ್ಳುವುದರಿಂದ ಒಳಗಿನ ನೀರು ತಣ್ಣಗಾಗುತ್ತದೆ. ನಮ್ಮ ಶರೀರವೂ ಇಂಥದೊಂದು ಹರವಿಯೇ. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 580 ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಆದರೆ ಆವಿಯಾಗದೆ ಜಾರಿ ಬಿದ್ದ ಬೆವರಿನ ಹನಿಯಿಂದ ಈ ಉಪಕಾರವಿಲ್ಲ. ಅಷ್ಟು ನೀರು ವ್ಯರ್ಥವಾದಂತೆ.

ಬೆವರು ಎಷ್ಟು ಬೇಗ ಆವಿಯಾಗುವುದೆಂಬುದು ಗಾಳಿಯ ತೇವವನ್ನು ಅವಲಂಬಿಸಿದೆ. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿಟ್ಟರೆ, ಆವಿಯಾಗುವಿಕೆಯಿಂದ ಎಷ್ಟು ತಂಪು ದೊರೆಯಬಹುದೆಂಬುದನ್ನು ಅದು ತೋರಿಸುತ್ತದೆ. ಗಾಳಿ 40 ಡಿಗ್ರಿಯಿದ್ದು ಸಾಪೇಕ್ಷ ಆರ್ದ್ರತೆ ಶೇಕಡ 20 ಇದ್ದರೆ ಈ ಮಾಪಕ ಸುಮಾರು 23ಕ್ಕೆ ಇಳಿಯುತ್ತದೆ. ಗಾಳಿ 32 ಡಿಗ್ರಿಯೇ ಇದ್ದರೂ ಆರ್ದ್ರತೆ ಶೇಕಡ 75 ಇದ್ದರೆ ಅದು 28ರ ಕೆಳಗೆ ಇಳಿಯಲಾರದು. ಮೊದಲನೆಯದು ನಮ್ಮ ಒಣನಾಡಿನ ಮಧ್ಯಾಹ್ನವನ್ನೂ ಎರಡನೆಯದು ಕರಾವಳಿಯ ಬೇಸಿಗೆಯನ್ನೂ ಹೋಲುತ್ತದೆ. ತರ್ಕದ ದೋಷ ಈಗ ಸ್ಪಷ್ಟವಾಯಿತಷ್ಟೆ. ಬಿಸಿ ಕಡಿಮೆಯಾದರೂ ಅದನ್ನು ಹೊರಹಾಕುವ ದಾರಿ ಕಡಲೂರಿನಲ್ಲಿ ಕಿರಿದಾಗಿದೆ.

ಇನ್ನು ಕೂಸಿನ ಗಾತ್ರವನ್ನು ನೋಡೋಣ. ಒಂದು ಅಂಗುಲ ಬದಿಯ ಘನಾಕೃತಿಗೆ ಮೇಲ್ಮೈ 6 ಚದರ ಅಂಗುಲ, ಘನಫಲ 1 ಘನ ಅಂಗುಲ. ಬದಿಯನ್ನು ಎರಡು ಅಂಗುಲ ಮಾಡಿದರೆ ಮೇಲ್ಮೈ 24, ಘನಫಲ 8. ಅಂದರೆ ಒಂದು ಘನ ಅಂಗುಲದ ಪಾಲಿಗೆ ಬರುವ ಮೇಲ್ಮೈ 6ರಿಂದ 3ಕ್ಕೆ ಇಳಿಯಿತು. ವಸ್ತು ಚಿಕ್ಕದಾದಷ್ಟೂ ಅದರ ಪಾಲಿನ ಮೇಲ್ಮೈ ದೊಡ್ಡದು. 60 ಕಿಲೋ ತೂಕದ ಹಿರಿಯರ ಚರ್ಮ ಸುಮಾರು 1.6 ಚದರ ಮೀಟರ್. 10 ಕಿಲೋ ತೂಕದ ಕೂಸಿನದು ಸುಮಾರು ಅರ್ಧ ಚದರ ಮೀಟರ್. ಕಿಲೋವೊಂದಕ್ಕೆ ಲೆಕ್ಕ ಹಾಕಿದರೆ ಕೂಸಿಗೆ ಹೆಚ್ಚುಕಡಿಮೆ ಇಮ್ಮಡಿ ಚರ್ಮವಿದೆ. ಆದುದರಿಂದ ಬಿಸಿಲಿನ ಶಾಖವನ್ನೂ ಕಾದ ಮರಳಿನ ಝಳವನ್ನೂ ಅದು ಬೇಗ ಹೀರುತ್ತದೆ. ಅದರ ಬೆವರಿನ ಗ್ರಂಥಿಗಳಾದರೋ ಹಿರಿಯರಷ್ಟು ಬೆವರನ್ನು ಸುರಿಸಲಾರವು. ಇದರ ಮೇಲೆ, ಬಾಯಾರಿತೆಂದು ತಿಳಿಯಹೇಳುವಷ್ಟು ಮಾತೂ ಅದಕ್ಕೆ ಬಾರದು.

ಈ ತತ್ತ್ವಗಳನ್ನು ತಿಳಿದವರಿಗೆ ಅಗ್ಗದ ಪ್ರವಾಸವೂ ಸುಖಕರವಾಗಬಲ್ಲದು. ಕೊಠಡಿಯನ್ನು ಆರಿಸುವಾಗ ಕಡಲು ಕಾಣುವುದೇ ಎಂದು ಕೇಳುವುದಕ್ಕಿಂತ, ಎದುರುಬದುರಾಗಿ ಕಿಟಕಿಗಳಿವೆಯೇ ಎಂದು ಕೇಳುವುದು ಮೇಲು. ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ನೀರು ತಡವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಂತೆ ಕಡಲಿನ ಕಡೆಯಿಂದ ಗಾಳಿ ಬೀಸುತ್ತದೆ. ಅದು ಕೊಠಡಿಯನ್ನು ಹಾದುಹೋದರೆ ಚರ್ಮಕ್ಕೆ ಅಂಟಿದ ತೇವದ ಪದರವನ್ನು ಸರಿಸಿ ಬೆವರು ಆರುವಂತೆ ಮಾಡುತ್ತದೆ. ಬೀಸಣಿಗೆ ಮಾಡುವುದೂ ಇದನ್ನೇ. ಮೇಲಂತಸ್ತಿನ ಕೊಠಡಿ ಬೇಡ; ಹಗಲೆಲ್ಲ ಕಾದ ಕಾಂಕ್ರೀಟಿನ ಮಾಳಿಗೆ ರಾತ್ರಿಯ ಹೊತ್ತು ಶಾಖವನ್ನು ಕೆಳಕ್ಕೆ ಸೂಸುತ್ತದೆ.

ಕೂಸನ್ನು ಮರಳಿನ ಮೇಲೆ ಆಡಿಸಲು ಬೆಳಗಿನ ಹೊತ್ತು ಅಥವಾ ಇಳಿಹೊತ್ತು ತಕ್ಕುದು. ನಡುಹಗಲಿನಲ್ಲಿ ಒಣಮರಳಿನ ಶಾಖ 50 ಡಿಗ್ರಿಯನ್ನೂ ಮೀರಬಲ್ಲದು. ತೆಳುವಾದ ಹತ್ತಿಯ ಅಂಗಿ ಸಾಕು. ಕೇಳದಿದ್ದರೂ ಆಗಾಗ್ಗೆ ಕುದಿಸಿ ಆರಿಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಕಡಲಿನ ನೀರನ್ನು ಕುಡಿಯಗೊಡಬಾರದು. ಅದರ ಲೀಟರೊಂದರಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಅದನ್ನು ಹೊರಹಾಕಲು ಮೂತ್ರಪಿಂಡಗಳು ಶರೀರದ ನೀರನ್ನೇ ವೆಚ್ಚಮಾಡಬೇಕಾಗುತ್ತದೆ. ಅಲೆ ಎಷ್ಟೇ ಸಣ್ಣದಾಗಿರಲಿ, ಹಿರಿಯರೊಬ್ಬರ ಕೈ ಕೂಸಿನ ಮೈಗೆ ಎಟುಕುವಂತಿರಲಿ.

ಕೂಸು ಮಂಕಾದರೆ, ಕಣ್ಣು ಗುಳಿಬಿದ್ದರೆ, ಆರು ಗಂಟೆಗಳಷ್ಟು ಕಾಲ ಮೂತ್ರ ಮಾಡದಿದ್ದರೆ, ಅಥವಾ ಮೈ ಕೆಂಡದಂತೆ ಸುಡುತ್ತಿದ್ದರೆ ತಡಮಾಡಲಾಗದು. ನೆರಳಿಗೆ ಒಯ್ದು, ಒದ್ದೆ ಬಟ್ಟೆಯಿಂದ ಮೈಯೊರೆಸಿ, ಗಾಳಿ ಬೀಸುತ್ತ ಕೂಡಲೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ವಿದ್ಯಾರ್ಥಿಗಳು ಮುಂದಿನ ಪ್ರವಾಸಕ್ಕೆ ಎರಡು ಉಷ್ಣಮಾಪಕಗಳನ್ನೂ ಒಂದು ತುಂಡು ಹತ್ತಿಬಟ್ಟೆಯನ್ನೂ ಒಯ್ಯಲಿ. ಒಂದನ್ನು ಒಣದಾಗಿಯೂ ಇನ್ನೊಂದನ್ನು ಒದ್ದೆಯಾಗಿಯೂ ಇಟ್ಟು, ಅವುಗಳ ಅಂತರವನ್ನು ಮನೆಯಂಗಳದಲ್ಲೊಮ್ಮೆ, ಕಡಲ ತಡಿಯಲ್ಲೊಮ್ಮೆ ಬರೆದುಕೊಳ್ಳಲಿ. ಆ ಎರಡು ಅಂಕಿಗಳನ್ನು ಹೋಲಿಸಿ ನೋಡಿದವರು ತಮ್ಮ ಮನೆಯ ಕೂಸನ್ನು ನಡುಹಗಲಿನಲ್ಲಿ ಮರಳಿಗೆ ಇಳಿಸಲಾರರು.