ಮಹಾನಗರದ ನಡುವೆ ಒಂದು ಕಾಲುದಾರಿ

ಕಾಲುದಾರಿ ಎಂದೊಡನೆ ನಮ್ಮ ಕಣ್ಣೆದುರು ಮೂಡುವುದು ಹೊಲದ ಬದು, ಕೆರೆಯ ಏರಿ, ಊರಿಂದೂರಿಗೆ ಸಾಗುವ ಬಂಡಿಜಾಡು. ನಗರವು ಬೆಳೆದಂತೆ ಕಾಲುದಾರಿಯು ಅಳಿಯುವುದು ಅನಿವಾರ್ಯವೆಂದೇ ನಾವು ಬಹುಮಟ್ಟಿಗೆ ಒಪ್ಪಿಕೊಂಡಿದ್ದೇವೆ. ಈ ಅಭಿಪ್ರಾಯವು ಪೂರ್ಣಸತ್ಯವಲ್ಲವೆಂಬುದಕ್ಕೆ ಸುಮಾರು 90 ಲಕ್ಷ ಜನರು ವಾಸಿಸುವ ಲಂಡನ್ ಮಹಾನಗರದ ‘ಕ್ಯಾಪಿಟಲ್ ರಿಂಗ್’ ಎಂಬ ನಡಿಗೆಯ ಹಾದಿಯು ಉತ್ತಮ ನಿದರ್ಶನವಾಗಿದೆ. ಅದರ ಸ್ವರೂಪವನ್ನೂ ಅದು ಉಳಿದುಬಂದ ಬಗೆಯನ್ನೂ ಇಲ್ಲಿ ಸಂಕ್ಷೇಪವಾಗಿ ಅವಲೋಕಿಸೋಣ.

ಈ ಹಾದಿಯ ಒಟ್ಟು ಉದ್ದ 126 ಕಿಲೋಮೀಟರುಗಳು. ನಗರದ ಕೇಂದ್ರವನ್ನು ಬಳಸಿಕೊಂಡು ಉಂಗುರದಂತೆ ಸುತ್ತುವ ಇದನ್ನು 15 ಭಾಗಗಳಾಗಿ ವಿಂಗಡಿಸಲಾಗಿದೆ. ಒಂದೊಂದು ಭಾಗವೂ ಸರಾಸರಿ ಎಂಟು ಕಿಲೋಮೀಟರಿಗಿಂತ ತುಸು ಹೆಚ್ಚು. ಪ್ರತಿ ಭಾಗದ ಆದಿಯಲ್ಲಿಯೂ ಅಂತ್ಯದಲ್ಲಿಯೂ ರೈಲು ಅಥವಾ ಬಸ್ಸಿನ ಸೌಕರ್ಯವಿರುವುದರಿಂದ, ವಾರಕ್ಕೊಂದು ರಜೆಯುಳ್ಳ ದುಡಿಮೆಗಾರನೂ ಬುತ್ತಿ ಕಟ್ಟಿಕೊಂಡು ಹೋಗಿ ಒಂದು ಭಾಗವನ್ನು ನಡೆದು ಸಂಜೆಗೆ ಮನೆ ಸೇರಬಹುದು. ಇದು ಸಂಪೂರ್ಣಗೊಂಡುದು 2005ರಲ್ಲಿ. ಇದರ ಹೊರಸುತ್ತಿನಲ್ಲಿ 2001ರಲ್ಲಿ ಪೂರ್ಣಗೊಂಡ ‘ಲಂಡನ್ ಲೂಪ್’ ಎಂಬ ಸುಮಾರು 240 ಕಿಲೋಮೀಟರುಗಳ ಇನ್ನೊಂದು ಹಾದಿಯೂ ಉಂಟು.

ಇಲ್ಲಿ ಗಮನಿಸತಕ್ಕ ಮುಖ್ಯ ಸಂಗತಿಯೊಂದಿದೆ. ಈ ಹಾದಿಯನ್ನು ಬಹುಪಾಲು ಹೊಸದಾಗಿ ನಿರ್ಮಿಸಿದುದಲ್ಲ. ಉದ್ಯಾನ, ತೋಪು, ಕಾಲುವೆಯ ದಂಡೆ, ಹಳೆಯ ಸ್ಮಶಾನ, ಓಣಿ ಇವೆಲ್ಲ ಮೊದಲೇ ಇದ್ದವು. ಅವುಗಳನ್ನು ಒಂದರ ಮುಂದೊಂದು ಜೋಡಿಸಿ, ತಿರುವುಗಳಲ್ಲಿ ಗುರುತಿನ ಫಲಕಗಳನ್ನು ನೆಟ್ಟರು. ಬಿಡಿ ಮಣಿಗಳಿಗೆ ದಾರ ಪೋಣಿಸಿದಂತಹ ಕಾರ್ಯವಿದು. ಆದರೆ ಪೋಣಿಸಲು ಮಣಿಗಳು ಉಳಿದಿರಬೇಕಷ್ಟೆ. ಅವು ಹೇಗೆ ಉಳಿದವು ಎಂಬುದರಲ್ಲಿಯೇ ಈ ವಿಷಯದ ಸಾರವಿದೆ.

ನೈಋತ್ಯದಲ್ಲಿರುವ ರಿಚ್ಮಂಡ್ ಉದ್ಯಾನವನ್ನು ತೆಗೆದುಕೊಳ್ಳಬಹುದು. ಒಂದನೆಯ ಚಾರ್ಲ್ಸ್ ದೊರೆಯು 1637ರಲ್ಲಿ ಇದರ ಸುತ್ತ ಗೋಡೆ ಕಟ್ಟಿಸಿದನಾದರೂ ಜನರ ಓಡಾಟಕ್ಕೆ ಅವಕಾಶವಿತ್ತು. 1751ರಲ್ಲಿ ಉದ್ಯಾನದ ಅಧಿಕಾರ ವಹಿಸಿಕೊಂಡ ರಾಜಕುಮಾರಿ ಅಮೀಲಿಯಾ ಸಾರ್ವಜನಿಕರಿಗೆ ಪ್ರವೇಶವನ್ನು ನಿಷೇಧಿಸಿದಳು. ಜಾನ್ ಲೂಯಿಸ್ ಎಂಬ ಸ್ಥಳೀಯ ಮದ್ಯ ತಯಾರಕನು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ, 1758ರಲ್ಲಿ ಕಾಲ್ನಡಿಗೆಯ ಹಕ್ಕನ್ನು ಗೆದ್ದನು. ಬಾಗಿಲು ಬೇಕೋ, ಗೋಡೆ ಹತ್ತಿ ಇಳಿಯಲು ಏಣಿಮೆಟ್ಟಿಲು ಬೇಕೋ ಎಂದು ಕೇಳಿದಾಗ ಆತನು ಏಣಿಯನ್ನೇ ಆರಿಸಿಕೊಂಡನು. ಬಾಗಿಲಿಗೆ ಅಗುಳಿ ಇರುತ್ತದೆ. ಒಮ್ಮೆ ಹಾಕಿದ ಅಗುಳಿಯು ಹಾಗೆಯೇ ಉಳಿಯಬಹುದೆಂಬುದು ಆತನ ಶಂಕೆ. ಕಟ್ಟಿದವರು ಮೆಟ್ಟಿಲುಗಳ ನಡುವೆ ಬಹಳ ಅಂತರವಿರಿಸಿದರು. ಮಕ್ಕಳೂ ವೃದ್ಧರೂ ಹತ್ತಲಾರದಾದರು. ಲೂಯಿಸನು ಪುನಃ ನ್ಯಾಯಾಧೀಶರ ಮುಂದೆ ನಿಂತು ಅದನ್ನೂ ಸರಿಪಡಿಸಿಸಿದನು. ಹಕ್ಕು ತೀರ್ಪಿನಲ್ಲಿ ದೊರೆತರೆ ಸಾಲದು, ಅಶಕ್ತರ ಕಾಲಿಗೂ ಅದು ಎಟುಕಬೇಕೆಂಬ ವಿವೇಕ ಆ ಸಾಮಾನ್ಯ ವ್ಯಾಪಾರಿಗಿತ್ತು.

ಆಗ್ನೇಯ ದಿಕ್ಕಿನ ಆಕ್ಸ್‌ಲೀಸ್ ಕಾಡಿನ ಕಥೆ ಇತ್ತೀಚಿನದು. ಈ ಪ್ರಾಚೀನ ಕಾಡನ್ನು ಸೀಳಿಕೊಂಡು ಹೆದ್ದಾರಿಯೊಂದು ಹೋಗಬೇಕಾಗಿತ್ತು. ಸ್ಥಳೀಯ ನಿವಾಸಿಗಳ ದೀರ್ಘ ಹೋರಾಟದ ಫಲವಾಗಿ 1993ರಲ್ಲಿ ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟಿತು. ಅದರ ಪಕ್ಕದಲ್ಲಿಯೇ ‘ಸೆವೆರ್ನ್‌ಡ್ರೂಗ್’ ಎಂಬ ಮುಕ್ಕೋನದ ಗೋಪುರವೊಂದಿದೆ. ಹೆಸರನ್ನು ಕಿವಿಗೊಟ್ಟು ಕೇಳಿದರೆ ನಮ್ಮ ಪಡುವಣ ಕರಾವಳಿಯ ಮಾತು ಕೇಳಿಸುತ್ತದೆ. ಅದು ಕೊಂಕಣದ ಸುವರ್ಣದುರ್ಗ! 1755ರಲ್ಲಿ ಆ ಜಲದುರ್ಗವನ್ನು ಆಂಗ್ರೆಯವರಿಂದ ಗೆದ್ದ ವಿಲಿಯಂ ಜೇಮ್ಸನ ನೆನಪಿಗಾಗಿ ಅವನ ಪತ್ನಿಯು 1784ರಲ್ಲಿ ಕಟ್ಟಿಸಿದ ಗೋಪುರವಿದು. ಇತಿಹಾಸವನ್ನು ಬೋಧಿಸುವವರಿಗೆ ಇಂತಹ ಒಂದು ತಿರುವೇ ಒಂದು ಪಾಠವಾದೀತು.

ಉತ್ತರದಲ್ಲಿ ಫಿನ್ಸ್‌ಬರಿ ಉದ್ಯಾನದಿಂದ ಹೈಗೇಟಿನವರೆಗೆ ಹಾದಿಯು ರೈಲಿಲ್ಲದ ರೈಲುಮಾರ್ಗದ ಮೇಲೆ ಸಾಗುತ್ತದೆ. 1954ರಲ್ಲಿ ಪ್ರಯಾಣಿಕರ ಸಂಚಾರ ನಿಂತು, ಮುಂದೆ ಕಂಬಿಗಳನ್ನು ಕಿತ್ತ ಬಳಿಕ ಅಲ್ಲಿ ಮರಗಿಡಗಳು ಬೆಳೆದವು. 1984ರಲ್ಲಿ ಅದು ನಡೆಯುವವರಿಗೆ ಮೀಸಲಾಯಿತು. ಪೂರ್ವದಲ್ಲಿ ಹಾದಿಯು ಒಂದು ದೊಡ್ಡ ಒಳಚರಂಡಿಯ ಏರಿಯನ್ನು ಹಿಡಿಯುತ್ತದೆ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧವು ಸಂಸತ್ತನ್ನೇ ಕಂಗೆಡಿಸಿದ ನಂತರ ಜೋಸೆಫ್ ಬ್ಯಾಜಲ್ಗೆಟ್ ಎಂಬ ಎಂಜಿನಿಯರನು ಕಟ್ಟಿಸಿದ ವ್ಯವಸ್ಥೆಯಿದು. ಕೆಳಗೆ ಕೊಳಚೆ ಹರಿಯುತ್ತಿದ್ದರೆ ಮೇಲೆ ಮಕ್ಕಳು ಆಡುತ್ತಾರೆ. ಕೊನೆಯಲ್ಲಿ ವುಲ್ವಿಚ್ಚಿನ ಬಳಿ ನದಿಯ ತಳದಲ್ಲಿ ಕೊರೆದ ಸುಮಾರು ಐನೂರು ಮೀಟರುಗಳ ಸುರಂಗದ ಮೂಲಕ ಉಂಗುರವು ಕೂಡಿಕೊಳ್ಳುತ್ತದೆ. 1912ರಲ್ಲಿ ತೆರೆದ ಈ ಸುರಂಗವು ಪಾದಚಾರಿಗಳಿಗಾಗಿಯೇ ನಿರ್ಮಿತವಾದುದು.

ರಿಚ್ಮಂಡಿನಲ್ಲಿಯೂ ವುಲ್ವಿಚ್ಚಿನಲ್ಲಿಯೂ ಈ ಉಂಗುರವು ನದಿಯ ದಡಗುಂಟ ಬರುವ ‘ಥೇಮ್ಸ್ ಪಾತ್’ ಎಂಬ ದೀರ್ಘ ಹಾದಿಯನ್ನು ಸಂಧಿಸುತ್ತದೆ. ಆ ನದಿಹಾದಿಯಲ್ಲಿ ನಡೆಯುವ ಕನ್ನಡಿಗನಿಗೆ, ಸಂಸತ್ ಭವನಕ್ಕೆ ಅನತಿದೂರದ ಆಲ್ಬರ್ಟ್ ದಂಡೆಯಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯು ಎದುರಾಗುತ್ತದೆ. ನಡೆದು ಹೋಗುವ ಯಾರು ಬೇಕಾದರೂ ಅಲ್ಲಿ ಒಂದು ಗಳಿಗೆ ನಿಲ್ಲಬಹುದು.

ಹಾದಿಯ ಮೇಲ್ವಿಚಾರಣೆಯಲ್ಲಿ ಸ್ಥಳೀಯ ಪೌರಾಡಳಿತಗಳೊಡನೆ ನಡಿಗೆಗಾರರ ಸಂಘದ ಸ್ವಯಂಸೇವಕರೂ ಶ್ರಮಿಸುತ್ತಾರೆ. ಫಲಕ ಬಿದ್ದಿದೆಯೇ, ಮುಳ್ಳು ಬೆಳೆದಿದೆಯೇ ಎಂದು ನೋಡುವ ಕಣ್ಣು ಸದಾ ಇರಬೇಕು. ಶಾಲೆಯನ್ನು ಕಟ್ಟಿದವರಿಗೂ ನಡೆಸುವವರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಡ ಒಂದು ದಿನದ ದಾನದಿಂದ ಏಳಬಹುದು; ಅದು ಬಾಳುವುದು ನಿತ್ಯದ ಪಾಲನೆಯಿಂದ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಅಜ್ಜ ಅಜ್ಜಿಯರು ಶಾಲೆಗೂ ಸಂತೆಗೂ ಯಾವ ದಾರಿಯಲ್ಲಿ ನಡೆದುಹೋಗುತ್ತಿದ್ದರೆಂದು ಮಕ್ಕಳು ಕೇಳಿಕೊಂಡು ಬರಲಿ. ಆ ದಾರಿಗಳ ನಕ್ಷೆಯನ್ನು ಅವರೇ ಬರೆಯಲಿ. ಬಳಿಕ ಎಲ್ಲರೂ ಕೂಡಿ ನಡೆದು, ಯಾವುದು ಉಳಿದಿದೆ, ಯಾವುದು ಮುಚ್ಚಿಹೋಗಿದೆ ಎಂದು ಗುರುತಿಸಲಿ. ನಡೆಯುವವರಿಲ್ಲದ ದಾರಿಯನ್ನು ಮೊದಲು ಹುಲ್ಲು, ಆಮೇಲೆ ಬೇಲಿ ನುಂಗುತ್ತದೆ. ಅದನ್ನು ಉಳಿಸುವ ಮೊದಲ ಕೆಲಸ, ಅದರ ಮೇಲೆ ನಡೆಯುವುದೇ ಆಗಿದೆ.